ಗಿರಿಜಕ್ಕನ ಮೂಗು, ಗಿರಿಜಕ್ಕನ ಬೈಲಾ

ಅರ್ಥ ತಿಳಿಯದೆ ತಲೆಯಾಡಿಸುವ ಸಂಗತಿಗಳಲ್ಲಿ ಮದುವೆಯ ಮಂತ್ರ ಮೊದಲನೆಯದು, ಅಪಾರ್ಟ್‌ಮೆಂಟಿನ ಬೈಲಾ ಎರಡನೆಯದು. ದಾಂಡೇಲಿಯ ನಮ್ಮ ಕಟ್ಟಡದ ಸಂಘಕ್ಕೆ ನಾನು ಅಧ್ಯಕ್ಷನಾದದ್ದು ಬೈಲಾ ಓದಿ ಅಲ್ಲ. ಆಯ್ಕೆ ನಡೆಯುವಾಗ ಫೋನು ಬಂತೆಂದು ಹೊರಗೆ ಹೋಗಿದ್ದೆ. ಒಳಗೆ ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೋ ಇರಬೇಕೆಂದು ನಾನೂ ತಟ್ಟಿದೆ.

ಬೈಲಾವನ್ನು ನಿಜವಾಗಿ ಓದಿದವರೆಂದರೆ ಆಮೇಲೆ ಬಂದ ಕಾರ್ಯದರ್ಶಿ ಗಿರಿಜಕ್ಕ ಒಬ್ಬರೇ. ಹಳಿಯಾಳದ ಕಡೆಯವರು, ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಲಿಂಗಪೂಜೆ ಮುಗಿಸದೆ ಚಹಾ ಸಹ ಮುಟ್ಟದವರು. ನಮ್ಮ ಬೈಲಾ ಹುಬ್ಬಳ್ಳಿಯ ಯಾವುದೋ ದೊಡ್ಡ ಕಟ್ಟಡದ್ದನ್ನು ನೋಡಿ ಬರೆದದ್ದಾದ್ದರಿಂದ ಅದರಲ್ಲಿ ಈಜುಕೊಳದ ನಿಯಮಗಳೂ ಇವೆ. ನಮ್ಮಲ್ಲಿ ಈಜುಕೊಳವಿಲ್ಲ. ಈಜಲೇಬೇಕೆಂದರೆ ಕಾಳಿ ನದಿ ಇದೆ, ಅಲ್ಲಿ ನಿಯಮ ಮಾಡುವವು ಮೊಸಳೆಗಳು. ಆ ಪುಟವನ್ನು ಹರಿದು ಹಾಕೋಣವೆಂದರೆ, ಹರಿಯುವುದಕ್ಕೂ ಒಂದು ನಿಯಮವಿದೆ ಎಂದರು ಗಿರಿಜಕ್ಕ. ನಾನು ಸುಮ್ಮನಾದೆ. ಅಧ್ಯಕ್ಷನಾಗಿ ನಾನು ಚೆನ್ನಾಗಿ ಕಲಿತ ಕೆಲಸ ಅದೊಂದೇ.

ತೊಂದರೆ ಶುರುವಾದದ್ದು ಒಣಮೀನಿನಿಂದ. ಕುಂಬಾರವಾಡದಿಂದ ಬಂದು ನಮ್ಮಲ್ಲಿ ಬಾಡಿಗೆಗಿರುವ ಸುನಂದಾ ಮಳೆಗಾಲಕ್ಕೆಂದು ತಂದ ಒಣಮೀನನ್ನು ಟೆರೇಸಿನ ಮೇಲೆ ಬಿಸಿಲಿಗೆ ಹರವಿದಳು. ಟೆರೇಸಿನ ಕೆಳಗೇ ಗಿರಿಜಕ್ಕನ ಪೂಜೆಯ ಕೋಣೆ. ಮಾಸಿಕ ಸಭೆಯಲ್ಲಿ ಕಾಂಟ್ರಾಕ್ಟರ್ ದೇಸಾಯರು ಎದ್ದು ನಿಂತು, ಬಾಡಿಗೆದಾರರು ಇನ್ನು ಟೆರೇಸ್ ಹತ್ತಕೂಡದು ಎಂಬ ನಿಯಮ ಇವತ್ತೇ ಆಗಬೇಕು ಎಂದರು. ಎಲ್ಲರೂ ಕೈ ಎತ್ತಿದರು. ಎಲ್ಲರಿಗಿಂತ ಹೆಚ್ಚು ನೊಂದ ಮೂಗು ಗಿರಿಜಕ್ಕನದೇ ಆದ್ದರಿಂದ ಅವರಿಗೆ ಸಂತೋಷವಾಗಬಹುದೆಂದು ನಾವೆಲ್ಲ ಅವರತ್ತ ನೋಡಿದೆವು. ಅವರು ಕನ್ನಡಕ ಸರಿಮಾಡಿಕೊಂಡು, ಇದು ಇವತ್ತಿನ ಸಭೆಯ ವಿಷಯವೇ ಅಲ್ಲ, ಬೈಲಾ ಬದಲಿಸಬೇಕೆಂದರೆ ಎಲ್ಲ ಮಾಲೀಕರಿಗೂ ನೋಟಿಸು ಕೊಟ್ಟು ವಿಶೇಷ ಸಭೆ ಕರೆಯಬೇಕು, ಮಾಲೀಕರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು ಎಂದರು. ಅಲ್ಲಿಯತನಕ ನಿವಾಸಿಗಳೆಲ್ಲರಿಗೂ ಟೆರೇಸಿನ ಹಕ್ಕಿದೆ, ಬಾಡಿಗೆದಾರರೂ ನಿವಾಸಿಗಳೇ ಎಂದೂ ಸೇರಿಸಿದರು.

ಆಮೇಲಿನ ದಿನಗಳಲ್ಲಿ ಅವರು ಕಿಟಕಿ ಮುಚ್ಚಿ, ಊದುಬತ್ತಿಯ ಕಟ್ಟುಕಟ್ಟುಗಳನ್ನೇ ಉರಿಸುತ್ತಿದ್ದರು. ನನಗೆ ಕನಿಕರವಾಯಿತು. ಅವರ ಮನೆಗೆ ಹೋಗಿ, ಅಧ್ಯಕ್ಷ ಮತ್ತು ಕಾರ್ಯದರ್ಶಿ ಸೇರಿ ಸುನಂದಾಗೆ ಮೆಲ್ಲಗೆ ಬೇಡವೆಂದು ಹೇಳಿಬಿಡೋಣ ಎಂದೆ. ಕಣ್ಣೊರೆಸಿಕೊಳ್ಳುತ್ತಲೇ (ದುಃಖಕ್ಕಲ್ಲ, ಹೊಗೆಗೆ) ಅವರು ಹೇಳಿದರು:

“ನನ್ನ ಮೂಗು ಬ್ಯಾರೆ, ನನ್ನ ಹುದ್ದೆ ಬ್ಯಾರೆ ರೀ. ಮೂಗು ಹೇಳಿದಂಗ ಸಂಘ ನಡಸಾಕ ಬರೂದಿಲ್ಲ.”

ಇಷ್ಟು ವರ್ಷ ನಾನು ಹಲವು ಸಾಹೇಬರ ಕೈಕೆಳಗೆ ದುಡಿದಿದ್ದೇನೆ. ಮೂಗು, ಬಾಯಿ, ಹೊಟ್ಟೆ ಎಲ್ಲವನ್ನೂ ಹುದ್ದೆಯ ಜೊತೆ ಗಂಟುಹಾಕಿಕೊಂಡವರನ್ನು ಕಂಡಿದ್ದೆನೇ ಹೊರತು ಬಿಡಿಸಿಟ್ಟುಕೊಂಡವರನ್ನು ಕಂಡಿರಲಿಲ್ಲ. ಮೆಟ್ಟಿಲಿಳಿಯುವಾಗ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ವಿಶೇಷ ಸಭೆ ಸೇರಿತು. ಮತವಿಲ್ಲದವರಿಗೂ ಮಾತಾಡಲು ಅವಕಾಶವಿದೆ ಎಂದು ಗಿರಿಜಕ್ಕ ಸುನಂದಾಳನ್ನೂ ಕರೆಸಿದ್ದರು. ಅವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಎದ್ದುನಿಂತಳು.

“ವಾಸನಿ ಬರ್ತೈತಿ ಅಂತ ನನಗೂ ಗೊತ್ತೈತ್ರಿ. ಯಾವ ಮೂಲ್ಯಾಗ ಹಾಕಬೇಕು ಹೇಳ್ರಿ, ಅಲ್ಲೇ ಹಾಕ್ತೇನಿ. ಮ್ಯಾಲ ಬರಲೇಬ್ಯಾಡ ಅಂದ್ರ ಈ ಕೂಸಿನ ಬಟ್ಟಿ ಎಲ್ಲಿ ಒಣಗಸ್ಲಿ?”

ಮತ ಹಾಕುವಾಗ ಕೆಲವರ ಕೈ ಮೇಲೇಳಲಿಲ್ಲ. ನನಗೂ ಎತ್ತುವ ಮನಸ್ಸಿರಲಿಲ್ಲ. ಆದರೆ ಪಕ್ಕದಲ್ಲಿ ದೇಸಾಯರು ಎತ್ತಿದ ರಭಸಕ್ಕೆ ನನ್ನದೂ ಎದ್ದಿತು. ಗಿರಿಜಕ್ಕನೂ ಕೈ ಎತ್ತಿದ್ದರು. ಅದು ಅವರ ಮೂಗಿನ ಮತ. ನನ್ನ ಕೈ ಸೇರಿದರೆ ಲೆಕ್ಕ ಸರಿಯಾಗಿ ಮೂರರಲ್ಲಿ ಎರಡು ಪಾಲು. ದೇಸಾಯರು ಆಗಲೇ ನಗತೊಡಗಿದ್ದರು.

“ಅಧ್ಯಕ್ಷರ, ನಿಮ್ಮ ಕೈ ಇಳಸ್ರಿ,” ಎಂದರು ಗಿರಿಜಕ್ಕ. “ಮನಿ ಸರೋಜಾಬಾಯಾರ ಹೆಸರಿಲೆ ಐತಿ. ಮತ ಅವರದು. ನೋಟಿಸು ಅವರ ಹೆಸರಿಗೇ ಕಳಿಸಿದ್ನಲ್ಲ, ಓದ್ಲಿಲ್ಲೇನ್ರೀ?”

ಸರೋಜಾ ನನ್ನ ಹೆಂಡತಿ. ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಎಲ್ಲರೂ ತಿರುಗಿ ನೋಡಿದರು. ಅವಳು ಸುನಂದಾಳ ಕೂಸನ್ನು ನೋಡಿದಳು, ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು. ನಿಯಮ ಬಿದ್ದುಹೋಯಿತು. ಅದನ್ನು ಪ್ರಕಟಿಸಿದವರು, ಅದರ ಪರವಾಗಿ ಮತ ಹಾಕಿದ್ದ ಗಿರಿಜಕ್ಕನೇ. ದನಿ ಒಂದಿಷ್ಟೂ ಅಲುಗಲಿಲ್ಲ. ಸಭೆ ಮುಗಿದ ಮೇಲೆ ಸುನಂದಾಳನ್ನು ಟೆರೇಸಿಗೆ ಕರೆದೊಯ್ದು, ನೀರಿನ ಟ್ಯಾಂಕಿನ ಆಚೆ, ಗಾಳಿ ಹೊರಕ್ಕೆ ಬೀಸುವ ಮೂಲೆಯನ್ನು ತಾವೇ ತೋರಿಸಿದರು.

ಮಾಲೀಕನಲ್ಲದವನು ಅಧ್ಯಕ್ಷನೂ ಆಗುವಂತಿಲ್ಲವೆಂಬುದು ಮುಂದಿನ ವಾರ ನನಗೆ ತಿಳಿಯಿತು. ಈಗ ಸರೋಜಾ ಅಧ್ಯಕ್ಷೆ. ಸಂಜೆಯಾದರೆ ಜನ ಬಂದು, “ಬಾಯಾರು ಅದಾರೇನ್ರೀ?” ಎಂದು ಕೇಳುತ್ತಾರೆ. ಅದಾರ, ಬರ್ರಿ ಎಂದು ಕೂರಿಸಿ ಚಹಾ ಮಾಡಿಕೊಡುತ್ತೇನೆ. ನಾನು ಅಧ್ಯಕ್ಷನಾಗಿದ್ದಾಗ ಒಬ್ಬರೂ ಬರುತ್ತಿರಲಿಲ್ಲ. ನನ್ನ ಚಹಾ ಇಷ್ಟು ಚೆನ್ನಾಗಿರುತ್ತದೆಂದು ಆಗ ಅವರಿಗೆ ಗೊತ್ತಿರಲಿಲ್ಲ, ಪಾಪ.