ಮಾವನವರಿದ್ದ ಡಿಸ್ಕು

ನಾನು ಸಾಮಾನು ಕೆಡಿಸುವವನಲ್ಲ, ಜೋಪಾನ ಮಾಡುವವನು. ಮನೆಯಲ್ಲಿ ಇದುವರೆಗೆ ಕೆಟ್ಟದ್ದೆಲ್ಲ ನನ್ನ ಜೋಪಾನದಿಂದಲೇ ಕೆಟ್ಟಿತು ಎನ್ನುತ್ತಾಳೆ ನನ್ನ ಹೆಂಡತಿ ಸುವರ್ಣಾ. ಗೋಡೆ ಗಡಿಯಾರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟದ್ದು, ಟಿವಿ ರಿಮೋಟನ್ನು ಸೋಪಿನ ನೀರಲ್ಲಿ ಅದ್ದಿ ತೊಳೆದದ್ದು ಎಲ್ಲ ನಿಜ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ ಎಂಬುದು ಆಕೆಗೆ ಇಂಥ ಹೊತ್ತಿನಲ್ಲೇ ನೆನಪಾಗುತ್ತದೆ.

ಈ ಸಲದ್ದು ಮಾತ್ರ ನಗುವಂಥದ್ದಲ್ಲ. ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮ ಮಾವನವರು ತೀರಿಕೊಂಡು ಐದು ವರ್ಷವಾಯಿತು. ಫೋಟೊ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಇರುವುದು ಒಂದೇ, ಅದರಲ್ಲೂ ಯಾರೋ ಹೊಡೆಯಲು ಬಂದಹಾಗೆ ನಿಂತಿದ್ದಾರೆ. ಆದರೆ ಹಿಂದೊಮ್ಮೆ ನಮ್ಮೂರ ಕೋಟೆಯಲ್ಲಿ ರಾಜರ ಸಿನಿಮಾವೊಂದರ ಶೂಟಿಂಗ್ ನಡೆದಾಗ, ನೋಡಲು ಹೋದವರನ್ನೇ ಹಿಡಿದು ಪ್ರಜೆಗಳನ್ನಾಗಿ ನಿಲ್ಲಿಸಿದ್ದರು. ಅದರಲ್ಲಿ ಮಾವನವರು ರುಮಾಲು ಸುತ್ತಿಕೊಂಡು, ಎರಡೂ ಕೈ ಎತ್ತಿ, ಅರ್ಧ ನಿಮಿಷ ನಗುತ್ತಾರೆ. ಸಿನಿಮಾ ಓಡಲಿಲ್ಲ. ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಮಾಡಿದವರೇ ಮರೆತಿರಬೇಕು. ಮಾವನವರು ಕೊಂಡಿಟ್ಟಿದ್ದ ಡಿಸ್ಕೊಂದೇ ಗತಿ. ಅದು ನನ್ನ ಜೋಪಾನದಲ್ಲಿತ್ತು.

ಕಣ್ಣಿನ ಪೊರೆ ತೆಗೆಸಿಕೊಂಡ ಅತ್ತೆಯವರು ಹುಮನಾಬಾದಿನಿಂದ ಫೋನ್ ಮಾಡಿದರು. "ಈಗ ಚಲೋ ಕಾಣಾಕತ್ತದ ಮಾಸ್ತರ್ರ. ಒಮ್ಮೆ ಅವ್ರನ್ನ ನೋಡಬೇಕನ್ಸಾಕತ್ತದ."

ಆಗಲಿ ಎಂದೆ. ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ತಂದೆ. ಜೋಡಿಸಿದರೆ ಮಿಸುಕಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, "ವೈರಿಗೆ ಎರಡು ತುದಿ ಅವ ಸರ್, ಎರಡೂ ಚುಚ್ರಿ. ಒಂದ್ರಾಗ ಅದಕ್ಕ ತಾಕತ್ತು ಸಾಲಂಗಿಲ್ಲ," ಅಂದ. ಚುಚ್ಚಿದೆ, ತಿರುಗಿತು. ಈಗ ಲ್ಯಾಪ್‌ಟಾಪು ತನಗೆ ಈ ಡಿಸ್ಕ್ ಓದಲು ಬರುವುದಿಲ್ಲವೆಂದಿತು. ಅದಕ್ಕೆ ಬೇಕಾದ ಪ್ಲೇಯರ್ ಇಳಿಸಿಕೊಳ್ಳುವಷ್ಟರಲ್ಲಿ ಎರಡು ದಿನ ಹೋದವು. ಕೊನೆಗೆ ತಾರಾಗಣದ ಹೆಸರುಗಳು ಬಂದವು, ಡೋಲು ಕೇಳಿಸಿತು. "ಪೂರ್ತಿ ನೋಡ್ರಿ ಒಮ್ಮೆ," ಅಂದಳು ಸುವರ್ಣಾ. ನಾನು ಒಪ್ಪಲಿಲ್ಲ. ನೈವೇದ್ಯಕ್ಕೆ ಇಟ್ಟದ್ದನ್ನು ಮೊದಲೇ ರುಚಿ ನೋಡುತ್ತಾರೆಯೇ? ಅತ್ತೆಯವರೇ ಮೊದಲು ನೋಡಲಿ ಎಂದು ಡಿಸ್ಕ್ ತೆಗೆದಿಟ್ಟೆ.

ಭಾನುವಾರ ಲ್ಯಾಪ್‌ಟಾಪು, ಡ್ರೈವು, ಡಿಸ್ಕು ಎತ್ತಿಕೊಂಡು ಬಸ್ಸಿನಲ್ಲಿ ಹುಮನಾಬಾದಿಗೆ ಹೋದೆವು. ಅತ್ತೆಯವರು ಕಪ್ಪು ಚಷ್ಮಾ ಹಾಕಿಕೊಂಡು, ಇಳಕಲ್ ಸೀರೆಯುಟ್ಟು ಕಾಯುತ್ತಿದ್ದರು. ಒಳಗಿನಿಂದ ಹೋಳಿಗೆಯ ವಾಸನೆ. ಸಿನಿಮಾ ಶುರುವಾಯಿತು. ಕೋಟೆ ಬಂತು, ಬಾಗಿಲು ಬಂತು, ರಾಜ ಕುದುರೆಯಿಂದ ಇಳಿದ. "ಈಗ ಬರ್ತಾರ ನೋಡವ್ವ," ಎಂದು ಸುವರ್ಣಾ ತಾಯಿಯ ಕೈ ಹಿಡಿದಳು. ಡ್ರೈವು ಕರ್ ಕರ್ ಎಂದಿತು. ಚಿತ್ರ ಚೌಕ ಚೌಕವಾಗಿ ಒಡೆಯಿತು. ಆಮೇಲೆ ರಾಜ ಸೆರೆಮನೆಯಲ್ಲಿದ್ದ. ಹಿಂದಕ್ಕೆ ಒಯ್ದೆ. ಮತ್ತೆ ಕುದುರೆ, ಮತ್ತೆ ಸೆರೆಮನೆ. ಆರು ಸಲ ಹೀಗೇ ಆಯಿತು. ಪ್ರಜೆಗಳು ಬರಲೇ ಇಲ್ಲ.

ಡಿಸ್ಕ್ ಹೊರತೆಗೆದು ಸುವರ್ಣಾ ಬೆಳಕಿಗೆ ಹಿಡಿದಳು. ಹೊಳೆಯುವ ಮೈಮೇಲೆ ಅಡ್ಡಲಾಗಿ ಮೂರು ಮಸುಕು ಗೆರೆ. "ಇದೇನ್ರಿ?" ಅಂದಳು.

ಒಪ್ಪಿಕೊಂಡೆ. ದಸರೆಯಲ್ಲಿ ಸ್ಕೂಟರು, ಮಿಕ್ಸರುಗಳಿಗೆ ವಿಭೂತಿ ಹಚ್ಚುವಾಗ, ಮಾವನವರಿರುವ ಡಿಸ್ಕನ್ನು ಹೇಗೆ ಬಿಡುವುದು? ಪ್ರತಿವರ್ಷ ಹಳೆಯದನ್ನು ತಿಕ್ಕಿ ಒರೆಸಿ ಹೊಸದು ಹಚ್ಚುತ್ತಿದ್ದೆ. ಇನ್ನೊಂದು ಮಗ್ಗುಲಿಗೆ ಹೀರೋನ ಮುಖವಿತ್ತು, ಅವನಿಗೆ ಯಾಕೆ ಎಂದು ಹೊಳೆಯುವ ಕಡೆಗೇ ಹಚ್ಚಿದ್ದೆ. ಪಾತ್ರೆ ತಿಕ್ಕಲೂ ಬೂದಿಯನ್ನೇ ಬಳಸುತ್ತಾರೆಂಬುದು ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ. ಐದು ವರ್ಷ ಪೂಜೆ ಮಾಡಿ, ಇದ್ದ ಅರ್ಧ ನಿಮಿಷದ ಮಾವನನ್ನೂ ಅಳಿಸಿಬಿಟ್ಟಿದ್ದೆ. ಸುವರ್ಣಾ ಡಿಸ್ಕನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಮ್ಮ ಕಡೆ ಅತ್ತೆ ಅಳಿಯನಿಗೆ ಬೈಯುವ ಪದ್ಧತಿಯಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಚಷ್ಮಾ ತೆಗೆದು, ಮುಚ್ಚಿದ ಲ್ಯಾಪ್‌ಟಾಪನ್ನು ನೋಡಿದರು. "ಹೋಗ್ಲಿ ಬಿಡ್ರಿ ಮಾಸ್ತರ್ರ. ಅವರು ಇದ್ದಾಗೂ ಕರದಾಗ ಬಂದವ್ರಲ್ಲ," ಅಂದರು. ಧ್ವನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. "ಅಳಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಏಳ್ರಿ, ಊಟಕ್ಕ ಕೂಡ್ರಿ."

ಕೂತೆ. ನನ್ನ ಎಲೆಗೆ ಅವರೇ ಬಗ್ಗಿ ಬಗ್ಗಿ ತುಪ್ಪ ಬಡಿಸಿದರು. ಇಂಥ ಪಾಪ ಮಾಡಿದವನ ಗಂಟಲಲ್ಲಿ ಹೋಳಿಗೆ ಇಳಿಯಲಾರದು ಎಂದುಕೊಂಡಿದ್ದೆ. ನಾಲ್ಕು ಇಳಿದವು.