ಮೂರು ಜೊತೆ ಬೂಟು, ಒಂದು ಮರುಭೂಮಿ

ನಾನು ಕರೆಯದಿದ್ದರೂ ಗೊಂದಲ ಎನ್ನುವುದು ನಮ್ಮ ಮನೆಯ ವಿಳಾಸ ಕೇಳಿಕೊಂಡು ಬರುತ್ತದೆ. ವಿಜಾಪುರದಲ್ಲಿದ್ದಾಗಲೂ ಬರುತ್ತಿತ್ತು, ಲಂಡನ್ನಿಗೆ ಬಂದ ಮೇಲೆ ವೀಸಾ ಇಲ್ಲದೆಯೇ ಬೆನ್ನು ಹತ್ತಿ ಬಂತು. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು, ನನಗೆ ಐವತ್ತು ದಾಟಿತ್ತು. ಆಗ ನಾನು ಮರುಭೂಮಿಯಲ್ಲಿ ಮ್ಯಾರಥಾನ್ ಓಡುತ್ತೇನೆ ಎಂದು ಹೊರಟೆ. ಗೊಂದಲ ಆ ಸಲ ಒಂಟಿಯಾಗಿ ಬರಲಿಲ್ಲ, ಬಂಧುಬಳಗದ ಸಮೇತ ಬಂತು.

೧. ಹೆಸರು ಕೊಟ್ಟದ್ದು

ಇದಕ್ಕೆಲ್ಲ ಮೂಲ ನನ್ನ ಮಗಳು. ಅವಳಿಗಾಗ ಹದಿನಾರು. ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ನಾನು ಕೂರಿಸಲು ಶುರುಮಾಡಿದ ಗೋಡೆಯ ಕಪಾಟಿಗೆ ಎರಡೇ ಹಲಗೆ ಇದ್ದವು, ಮೂರನೆಯದು ಆರು ವರ್ಷದಿಂದ ಗೋಡೆಗೆ ಒರಗಿ ನಿಂತಿತ್ತು. ಈಜು ಕಲಿಯಲು ಹೋಗಿ ಸೊಂಟದ ಆಳದವರೆಗೆ ಕಲಿತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಸಿಟ್ಟಿಲ್ಲದೆ, ಡಾಕ್ಟರು ರಿಪೋರ್ಟು ಓದಿದ ಹಾಗೆ, ಇಂಗ್ಲಿಷಿನಲ್ಲಿ ಹೇಳಿದಳು: "ಡ್ಯಾಡ್, ನೀವು ಯಾವುದನ್ನೂ ಮುಗಿಸುವವರಲ್ಲ. ಅದು ತಪ್ಪು ಅಂತಲ್ಲ. ನೀವು ಆ ಥರದವರು, ಅಷ್ಟೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ಹೇಳಿದ್ದರಿಂದ ನನಗೆ ನಿಜಕ್ಕೂ ನೋವಾಯಿತು. ಒಂದನ್ನಾದರೂ ಪೂರ್ತಿ ಮುಗಿಸಿ ಇವಳಿಗೆ ತೋರಿಸಬೇಕು ಎಂದು ಆವತ್ತೇ ಹಟ ಹಿಡಿದೆ.

ಆ ವಾರ ವೆಂಬ್ಲಿಯ ತರಕಾರಿ ಅಂಗಡಿಯಲ್ಲಿ ನನ್ನ ಗೆಳೆಯ ಸಿಕ್ಕ. ಉಡುಪಿ ಕಡೆಯ ಕ್ರಿಶ್ಚಿಯನ್, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ಕೆಲಸ ಟ್ಯೂಬ್ ರೈಲು ಓಡಿಸುವುದು. ಅವನ ಕೈಯಲ್ಲಿ ಒಂದು ಬಣ್ಣದ ಪುಸ್ತಿಕೆ. ಜೋರ್ಡನ್ ದೇಶದ ಮರುಭೂಮಿ, ಕೆಂಪು ಮರಳು, ನೀಲಿ ಆಕಾಶ, ನಡುವೆ ನಗುತ್ತ ಓಡುವ ಜನ. ನಲವತ್ತೆರಡು ಕಿಲೋಮೀಟರು, ಏಳು ಗಂಟೆಯೊಳಗೆ ಮುಗಿಸಿದವರಿಗೆ ಮೆಡಲ್. "ನೋಡ್ಲಿಕ್ಕೆ ಎಷ್ಟು ಚಂದ ಉಂಟು ಮಾರಾಯ್ರೇ" ಎಂದ. ಅಲ್ಲೇ ಬೆಂಡೆಕಾಯಿ ಬುಟ್ಟಿಯ ಮೇಲೆ ಫಾರ್ಮ್ ಇಟ್ಟು ಇಬ್ಬರೂ ಸಹಿ ಹಾಕಿದೆವು.

ಮನೆಯಲ್ಲಿ ಪುಸ್ತಿಕೆ ನೋಡಿದ ಹೆಂಡತಿ ಖುಷಿಯಾಗಿ ಎರಡು ರೇಷ್ಮೆ ಸೀರೆ ತೆಗೆದಿಟ್ಟಳು. ಇದು ಪ್ರವಾಸವಲ್ಲ, ನಾನೊಬ್ಬನೇ ಹೋಗಿ ನಲವತ್ತೆರಡು ಕಿಲೋಮೀಟರು ಓಡಬೇಕು ಎಂದು ಬಿಡಿಸಿ ಹೇಳಿದೆ. ಅವಳು ಸೀರೆ ವಾಪಸು ಮಡಚುತ್ತ ಕೇಳಿದಳು: "ಯಾಕ್ರೀ, ಅಲ್ಲಿ ಬಸ್ ಇಲ್ಲೇನು?"

೨. ಮರಳು ಹುಡುಕಿದ್ದು

ಮೂರನೆಯವರಾಗಿ ಸೇರಿದ್ದು ನಾವೆಲ್ಲ ಅಕ್ಕಾರು ಎಂದು ಕರೆಯುವ ಧಾರವಾಡದ ಹಿರಿಯ ಹೆಂಗಸು. ಸಟನ್ನಿನಲ್ಲಿ ವಾಸ, ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಇಪ್ಪತ್ತು ವರ್ಷ ಕೂತು ನಿವೃತ್ತರಾದವರು, ಅರವತ್ತಕ್ಕೆ ಒಂದು ಕಡಿಮೆ. ಸಲ್ವಾರ್ ಕಮೀಜು, ಕಾಲಿಗೆ ಓಟದ ಬೂಟು. ನಮ್ಮಿಬ್ಬರಿಗಿಂತ ಜೋರಾಗಿ ಓಡುತ್ತಿದ್ದರು, ಓಡುತ್ತಲೇ ಮಾತಾಡುತ್ತಿದ್ದರು.

ಮರಳಿನಲ್ಲಿ ಅಭ್ಯಾಸ ಮಾಡಬೇಕು ಎಂದು ಪುಸ್ತಿಕೆಯಲ್ಲಿತ್ತು. ಲಂಡನ್ನಿನಲ್ಲಿ ಮರಳು ಎಲ್ಲಿಂದ ತರುವುದು? ಗೆಳೆಯ ಹುಡುಕಿ ಹುಡುಕಿ ಕೌನ್ಸಿಲ್ ಪಾರ್ಕಿನಲ್ಲಿ ಮಕ್ಕಳು ಆಡುವ ಮರಳಿನ ಗುಂಡಿ ಪತ್ತೆ ಮಾಡಿದ. ಉದ್ದ ಹನ್ನೆರಡು ಹೆಜ್ಜೆ. ಮೂವರೂ ಬೆನ್ನಿಗೆ ಚೀಲ ಕಟ್ಟಿಕೊಂಡು, ಒಬ್ಬರ ಹಿಂದೆ ಒಬ್ಬರು, ಗಾಣದೆತ್ತಿನ ಹಾಗೆ ಸುತ್ತು ಹಾಕತೊಡಗಿದೆವು.

ಪಾರ್ಕಿನ ಸಿಬ್ಬಂದಿಯವನು ಬಂದು ಸ್ವಲ್ಪ ಹೊತ್ತು ಪಿಳಿಪಿಳಿ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಅಕ್ಕಾರನ್ನು, ನಿಮ್ಮ ಮಕ್ಕಳು ಎಲ್ಲಿ ಎಂದು ಕೇಳಿದ. ಅಕ್ಕಾರು ಸುಳ್ಳು ಹೇಳುವವರಲ್ಲ. ಒಬ್ಬ ಆಸ್ಪತ್ರೆಯಲ್ಲಿದ್ದಾನೆ, ಇನ್ನೊಬ್ಬಳು ಧಾರವಾಡದಲ್ಲಿ ಎಂದರು. ಅವನು ಗಾಬರಿಯಾಗಿ ನೋಟ್‌ಬುಕ್ ತೆಗೆದು ಮಕ್ಕಳ ವಯಸ್ಸು ಕೇಳಿದ. ಮೂವತ್ತೆರಡು, ಮೂವತ್ತೈದು ಎಂದರು ಅಕ್ಕಾರು. ಮಗ ಅಲ್ಲಿ ರೋಗಿಯಲ್ಲ, ಡಾಕ್ಟರು ಎಂದೂ ಸೇರಿಸಿದರು. ಅವನು ನಿಧಾನವಾಗಿ ನೋಟ್‌ಬುಕ್ ಮುಚ್ಚಿ, ಈ ಗುಂಡಿ ಎಂಟು ವರ್ಷದೊಳಗಿನವರಿಗೆ ಎಂದು ಬೋರ್ಡು ತೋರಿಸಿದ.

ಗುಂಡಿಯಲ್ಲಿ ಬಕೆಟ್ಟು ಹಿಡಿದು ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಮಾತ್ರ ನಮ್ಮ ಪರ ನಿಂತಳು. ಅವರಿಗೆ ಇನ್ನೊಂದೇ ಒಂದು ಸುತ್ತು ಕೊಡಿ, ಆಮೇಲೆ ಮನೆಗೆ ಹೋಗುತ್ತಾರೆ ಎಂದಳು.

೩. ಬಿಸಿಲು ಹುಡುಕಿದ್ದು

ಮರಳಾಯಿತು, ಬಿಸಿಲು? ಅದಕ್ಕೂ ಗೆಳೆಯನೇ ದಾರಿ ಹೇಳಿದ. ಆಗಸ್ಟಿನಲ್ಲಿ ನೆಲದಾಳದ ಟ್ಯೂಬ್ ಪ್ಲಾಟ್‌ಫಾರ್ಮಿನಷ್ಟು ಸೆಕೆ ಜೋರ್ಡನ್ನಿನಲ್ಲೂ ಇರಲಿಕ್ಕಿಲ್ಲ, ಅಲ್ಲಿ ಎರಡು ಸ್ವೆಟರ್ ಹಾಕಿಕೊಂಡು ನಿಂತಲ್ಲೇ ಓಡಿ ಎಂದ. ತನಗೆ ಡ್ಯೂಟಿ ಇದೆ ಎಂದು ತಾನು ಬರಲಿಲ್ಲ.

ನಾನು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಮಂಡಿ ಎತ್ತೆತ್ತಿ ಓಡತೊಡಗಿದೆ. ಬೆವರು ಧಾರಾಕಾರ, ಮುಖ ಕೆಂಪು. ನೂರು ಹೆಜ್ಜೆ ಆಗುವಷ್ಟರಲ್ಲಿ ಒಬ್ಬ ಹೆಂಗಸು ಹತ್ತಿರ ಬಂದು, ಈ ಸ್ಟೇಷನ್ನಿನಲ್ಲಿ ಟಾಯ್ಲೆಟ್ ಇಲ್ಲ, ಮುಂದಿನದರಲ್ಲಿದೆ ಎಂದು ಪಿಸುಗುಟ್ಟಿದಳು. ಅಲ್ಲ ಎಂದು ಹೇಳಲು ಉಸಿರಿರಲಿಲ್ಲ, ತಲೆಯಾಡಿಸಿದೆ. ಇನ್ನೊಬ್ಬ ಬಂದ, ಅದೇ ಮಾತು. ಲಂಡನ್ನಿನಲ್ಲಿ ಪಕ್ಕದ ಮನೆಯವರೂ ಮಾತಾಡಿಸುವುದಿಲ್ಲ ಎನ್ನುತ್ತಾರೆ. ಆವತ್ತು ನನ್ನನ್ನು ಐದು ಜನ ಮಾತಾಡಿಸಿದರು.

ರೈಲು ಬಂದಾಗ ಜನವೆಲ್ಲ ಸರಿದು ನನಗೆ ದಾರಿ ಬಿಟ್ಟರು. ಅಷ್ಟು ಮಂದಿಯ ಕಾಳಜಿಗೆ ಬೇಡ ಎನ್ನಲು ಮನಸ್ಸು ಬರಲಿಲ್ಲ. ಹತ್ತಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಟಾಯ್ಲೆಟ್ಟಿಗೂ ಹೋಗಿ ಬಂದೆ.

೪. ಕಟಕ ರೊಟ್ಟಿ ತಪಾಸಣೆ

ಅಂತೂ ಜೋರ್ಡನ್ ತಲುಪಿದೆವು. ಓಟದ ಹಿಂದಿನ ದಿನ ಎಲ್ಲರ ಚೀಲ ತಪಾಸಣೆ: ನೀರು, ಸೀಟಿ, ಬಿಸಿಲಿಗೆ ಹಿಡಿದು ಸಿಗ್ನಲ್ ಕೊಡುವ ಕನ್ನಡಿ, ಬ್ಯಾಂಡೇಜು, ತಿನ್ನುವ ಸಾಮಾನು. ಉಳಿದವರ ಊಟವೆಲ್ಲ ಟೂತ್‌ಪೇಸ್ಟಿನಂಥ ಕೊಳವೆಗಳಲ್ಲಿ. ಅಕ್ಕಾರ ಚೀಲದಿಂದ ಬಿಳಿ ಬಟ್ಟೆಯಲ್ಲಿ ಕಟ್ಟಿದ, ಹಪ್ಪಳದಂತೆ ಒಣಗಿದ ಜೋಳದ ಕಟಕ ರೊಟ್ಟಿ ಹೊರಬಂತು, ಜೊತೆಗೆ ಶೇಂಗಾ ಚಟ್ನಿಪುಡಿ.

ತಪಾಸಣೆಯವನು ರೊಟ್ಟಿ ಎತ್ತಿ ತಿರುಗಿಸಿದ, ಬೆರಳಿಂದ ತಟ್ಟಿದ, ಬೆಳಕಿಗೆ ಹಿಡಿದ. ಇದರಿಂದ ಸಿಗ್ನಲ್ ಹೇಗೆ ಕೊಡುತ್ತೀರಿ ಎಂದು ಗಂಭೀರವಾಗಿ ಕೇಳಿದ. ಇದು ಊಟ ಎಂದರು ಅಕ್ಕಾರು. ಅವನು ನಂಬಲಿಲ್ಲ. ಅಕ್ಕಾರು ಒಂದು ಚೂರು ಮುರಿದು, ಚಟ್ನಿಪುಡಿ ಸವರಿ ಕೊಟ್ಟರು. ತಿಂದ. ಕಣ್ಣಲ್ಲಿ ನೀರು ಬಂತು. ತಾನೊಬ್ಬನೇ ತೀರ್ಮಾನಿಸಲಾಗದು ಎಂದು ಮೇಲಿನವನನ್ನು ಕರೆದ. ಅವನೂ ತಿಂದ, ತನಗೂ ಅನುಮಾನವಿದೆ ಎಂದು ಇನ್ನಿಬ್ಬರನ್ನು ಕರೆದ.

ಕೊನೆಗೆ ಚೀಲ ಪಾಸಾಯಿತು. ಅಷ್ಟು ಹೊತ್ತಿಗೆ ಹನ್ನೆರಡು ರೊಟ್ಟಿಯಲ್ಲಿ ಮೂರು ಉಳಿದಿದ್ದವು, ಚೀಲದಲ್ಲಿ ಆಹಾರ ಸಾಲದು ಎಂದು ಅವರೇ ಎಚ್ಚರಿಕೆ ಬರೆದುಕೊಟ್ಟರು.

೫. ಚಹಾ

ಓಟದ ದಿನ ಮೂವತ್ತು ಕಿಲೋಮೀಟರಿನವರೆಗೆ ಎಲ್ಲ ಚೆನ್ನಾಗಿತ್ತು. ಕೆಂಪು ಬಂಡೆ, ಸಾಲುಸಾಲು ಮರಳಿನ ದಿಬ್ಬ, ಗೆಳೆಯನ ಬಾಯಲ್ಲಿ ಚಂದ ಉಂಟು, ಚಂದ ಉಂಟು. ಕಲ್ಲಿನ ಮೇಲೆ ಬಳಿದ ಬಾಣದ ಗುರುತು ನೋಡಿಕೊಂಡು ಮೂವರೂ ಕೂಡಿಯೇ ಓಡುತ್ತಿದ್ದೆವು. ಒಂದು ಕಡೆ ದಾರಿ ಎರಡಾಯಿತು, ಬಾಣ ಕಾಣಲಿಲ್ಲ.

ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಕಂಡ. ಯಾವ ಕಡೆ ಎಂದು ಕೈಯಲ್ಲೇ ಕೇಳಿದೆವು. ಅವನು ತಲೆಯಾಡಿಸಿ ಮುಂದೆ ನಡೆದ, ನಾವು ಹಿಂದೆ. ಒಂದು ಡೇರೆ ಬಂತು, ಒಳಗೆ ಒಲೆ, ಹೆಂಗಸರು, ಮಕ್ಕಳು. "ಮಾರಾಯ್ರೇ, ಇದು ಫಿನಿಶ್ ಅಲ್ಲ, ಇವರ ಮನೆ" ಎಂದ ಗೆಳೆಯ. ಅಷ್ಟರಲ್ಲಿ ಚಹಾ ಬಂದಿತ್ತು.

ಕೊಟ್ಟ ಚಹಾ ಬಿಟ್ಟು ಏಳುವುದು ನಮ್ಮ ಕಡೆ ಹೊಡೆದಾಟಕ್ಕೆ ಸಮ. ಸುಡುಸುಡುವ ಚಹಾ ಕುಡಿದು ಲೋಟ ಕೆಳಗಿಟ್ಟೆವು. ಮುದುಕ ತುಂಬಿಸಿದ. ಮತ್ತೆ ಕುಡಿದೆವು, ಮತ್ತೆ ತುಂಬಿಸಿದ. ಲೋಟ ಖಾಲಿ ಮಾಡುವುದು ನಮ್ಮ ಮರ್ಯಾದೆ, ಖಾಲಿ ಲೋಟ ತುಂಬಿಸುವುದು ಅವನ ಮರ್ಯಾದೆ. ಹೀಗೆ ಮರ್ಯಾದೆಯೇ ಮುಕ್ಕಾಲು ಗಂಟೆ ತಿಂದಿತು. ನಾನು ಗುಟುಕಿಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಏಳು ಗಂಟೆ ಮೀರಿದರೆ ಮಗಳಿಗೆ ಯಾವ ಮುಖ ತೋರಿಸಲಿ? ಕೊನೆಗೆ ಕೆಟಲಿಯೇ ಸೋತಿತು. ಬಿಸಿಲು ಜೋರಿದೆ ಎಂದು ಮುದುಕ ನಮ್ಮ ತಲೆಗೂ ಹೆಗಲಿಗೂ ಮೂರು ದೊಡ್ಡ ಚೌಕಳಿ ರುಮಾಲು ಸುತ್ತಿ ಕಳಿಸಿದ.

ದಾರಿ ಎಲ್ಲಿತ್ತು ಅಂದರೆ, ಡೇರೆಯ ಹಿಂದೆಯೇ. ನಾವು ಚಹಾ ಕುಡಿಯುವಾಗ ಓಟಗಾರರು ಅಲ್ಲೇ ಹಾದುಹೋಗುತ್ತಿದ್ದರು. ಒಬ್ಬ ಜರ್ಮನ್ ಅಂತೂ ಇದೂ ಒಂದು ನೀರು ಕೊಡುವ ಕಟ್ಟೆ ಎಂದುಕೊಂಡು ಒಳಗೆ ಬಂದು, ನನ್ನ ಲೋಟ ಎತ್ತಿ ಕುಡಿದು, ಥ್ಯಾಂಕ್ಸ್ ಹೇಳಿ ಓಡಿದ್ದ.

೬. ಗೆರೆ ದಾಟಿದ್ದು

ಬಿದ್ದೂ ಎದ್ದೂ ಓಡಿ ಮುಕ್ತಾಯದ ಜಾಗಕ್ಕೆ ಬಂದಾಗ ಇನ್ನೂ ಅರ್ಧ ಗಂಟೆ ಉಳಿದಿತ್ತು. ಓಟಗಾರರ ಗೌರವಕ್ಕೆಂದು ಆ ಊರಿನವರು ಗೆರೆಯವರೆಗೂ ಕೆಂಪು ಜಮಖಾನ ಹಾಸಿದ್ದರು. ಆಚೆ ಚಪ್ಪರ, ಅದರ ಕೆಳಗೆ ಬಿಳಿ ನಿಲುವಂಗಿ ತೊಟ್ಟ ನಾಲ್ವರು ಹಿರಿಯರು, ಕಾಫಿಯ ಪಾತ್ರೆ.

ಮುಂದಿದ್ದ ಅಕ್ಕಾರು ಜಮಖಾನದ ಅಂಚಿನಲ್ಲಿ ಗಕ್ಕನೆ ನಿಂತರು. ಹಿರಿಯರು ಕೂತಿದ್ದಾರೆ, ಕಾಲಲ್ಲಿ ಧೂಳಿನ ಬೂಟು. ಲಾಡಿ ಬಿಚ್ಚಿದರು, ಬೂಟು ಜೋಡಿಸಿ ಪಕ್ಕಕ್ಕಿಟ್ಟರು, ಬರಿಗಾಲಲ್ಲಿ ಒಳಗೆ ಓಡಿದರು. ಅವರ ಬೂಟು ನೋಡಿ ನಾನೂ ಬಿಚ್ಚಿದೆ. ಹತ್ತರ ಜೊತೆ ಹನ್ನೊಂದು ಎಂದು ಗೆಳೆಯನೂ ಬಿಚ್ಚಿದ. ಮೂವರೂ ಗೆರೆ ದಾಟಿದೆವು. ನಾನು ಕೈ ಎತ್ತಿ ಕುಣಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮೆಡಲೂ ಕೊಡಲಿಲ್ಲ. ಹಿರಿಯರು ಮಾತ್ರ ಕರೆದು ಕೂರಿಸಿ ಕಾಫಿ ಕೊಟ್ಟರು. ಮೆಡಲ್ ಕೊನೆಗೆ ಒಟ್ಟಿಗೆ ಕೊಡುತ್ತಾರೇನೋ ಎಂದುಕೊಂಡು ಕುಡಿದೆವು.

ಸ್ವಲ್ಪ ಹೊತ್ತಿಗೆ ಗಲಿಬಿಲಿ. ಮೆಗಾಫೋನ್ ಹಿಡಿದ ಹೆಂಗಸು ಮೂರು ನಂಬರು ಕೂಗಿದಳು: ಉಳಿದವರೆಲ್ಲ ಬಂದಾಯಿತು, ಈ ಮೂವರು ಮರುಭೂಮಿಯಲ್ಲಿ ಕಾಣೆಯಾಗಿದ್ದಾರೆ. ಜೀಪು ಧೂಳೆಬ್ಬಿಸಿಕೊಂಡು ಹೊರಟಿತು. ನಮ್ಮ ನಂಬರು ನಮಗೆ ಎಲ್ಲಿ ನೆನಪು? ಅದಿದ್ದದ್ದು ಎದೆಯ ಮೇಲೆ, ರುಮಾಲಿನ ಅಡಿಯಲ್ಲಿ. "ಯಾರ ಮನಿ ಮಂದ್ಯೋ ಏನೋ, ಪಾಪ" ಎಂದು ಅಕ್ಕಾರು ಕಣ್ಣೊರೆಸಿಕೊಂಡರು. ಗೆಳೆಯ, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಮೇಣದಬತ್ತಿಯ ಹರಕೆ ಹೊತ್ತ. ನಾನು ಸುಮ್ಮನೆ ಕೂರಲಾರದೆ ಸಂಘಟಕರದೇ ಒಂದು ದುರ್ಬೀನು ಇಸಿದುಕೊಂಡು ಆ ಮೂವರನ್ನು ದಿಬ್ಬದ ಮೇಲೆಲ್ಲ ಹುಡುಕಿದೆ.

ದುರ್ಬೀನು ಎತ್ತಿದಾಗ ರುಮಾಲು ಜಾರಿತು. ಪಕ್ಕದಲ್ಲೇ ಇದ್ದ ಮೆಗಾಫೋನ್ ಹೆಂಗಸು ನನ್ನ ಎದೆ ನೋಡಿದಳು, ಪಟ್ಟಿ ನೋಡಿದಳು, ಮತ್ತೆ ಎದೆ ನೋಡಿದಳು. ಯಾವಾಗ ಬಂದಿರಿ ಎಂದಳು. ಆಗಲೇ ಬಂದು ಎರಡು ಸುತ್ತು ಕಾಫಿ ಕುಡಿದೆವು ಎಂದೆ. ಆಗ ಗೊತ್ತಾಯಿತು: ನಮ್ಮ ಲೆಕ್ಕ ಹಿಡಿಯುವ ಎಲೆಕ್ಟ್ರಾನಿಕ್ ಚಿಪ್ ಇದ್ದದ್ದು ಬಲಗಾಲಿನ ಬೂಟಿನ ಲಾಡಿಯಲ್ಲಿ. ಅದು ಗೆರೆಯ ಮೇಲಿನ ರಬ್ಬರು ಹಾಸನ್ನು ಮುಟ್ಟಿದರೆ ಮಾತ್ರ ಯಂತ್ರ ಬೀಪ್ ಎನ್ನುತ್ತದೆ. ಬೂಟು ಹೊರಗಿದ್ದ ಕಾರಣ ಯಂತ್ರದ ಪ್ರಕಾರ ನಾವಿನ್ನೂ ಮರುಭೂಮಿಯಲ್ಲಿದ್ದೆವು.

ಉಳಿದದ್ದು ಮೂರು ನಿಮಿಷ. ಬೂಟು ಹಾಕಿಕೊಂಡು ಮತ್ತೆ ದಾಟಿ ಎಂದಳು ಅವಳು. ನಾನು ಬೂಟಿನ ಕಡೆ ಹಾರಿದೆ. ಅಕ್ಕಾರು ಅಡ್ಡ ನಿಂತರು. "ತಮ್ಮಾ, ಅವರ ಕೈಯಾನ ಕಾಫಿ ಕುಡದೀವಿ. ಅವರ ಜಮಖಾನದ ಮ್ಯಾಲೆ ಬೂಟುಗಾಲಿಲೆ ನಾ ಅಂತೂ ಬರೂದಿಲ್ಲ, ನಿನಗೂ ಬಿಡೂದಿಲ್ಲ."

"ಅಕ್ಕಾರ, ನನ್ನ ಮಗಳು ನನಗ ಅರ್ಧಮರ್ಧ ಮನಶ್ಯಾ ಅಂತಾಳ್ರೀ" ಎಂದೆ. ಎಲ್ಲರೆದುರು ಹೇಳಲು ನಾಚಿಕೆಯೂ ಆಗಲಿಲ್ಲ.

ಮೆಗಾಫೋನ್ ಹೆಂಗಸು ತಲೆ ಚಚ್ಚಿಕೊಂಡು, ಕಾಲೇ ಬೇಕೆಂದಿಲ್ಲ, ಬೂಟು ಹಾಸನ್ನು ಮುಟ್ಟಿದರೆ ಸಾಕು ಎಂದಳು. ಮೂವರೂ ಬೂಟನ್ನು ಕೈಗೆ ಹಾಕಿಕೊಂಡು ಓಡಿಬಂದು ಗೆರೆಯ ಮುಂದೆ ಮಂಡಿಯೂರಿದೆವು. ಅಕ್ಕಾರು ಬಗ್ಗಿ ಊರಿದರು, ಬೀಪ್. ಗೆಳೆಯ ಊರಿದ, ಬೀಪ್. ನಾನು ಬಗ್ಗುತ್ತಿದ್ದ ಹಾಗೆ ಎದುರು ಕೂತಿದ್ದ ಹಿರಿಯರಿಗೆ ನಾವು ತಮಗೆ ಅಡ್ಡಬೀಳುತ್ತಿದ್ದೇವೆ ಎನಿಸಿತು. ಛೇ ಛೇ ಎನ್ನುವ ಮುಖ ಮಾಡಿ ಇಬ್ಬರು ಎದ್ದು ಬಂದು ನನ್ನ ರಟ್ಟೆ ಹಿಡಿದು ಮೇಲೆತ್ತಿದರು. ನಾನು ಬಗ್ಗಿದೆ, ಅವರು ಎತ್ತಿದರು. ಮತ್ತೆ ಬಗ್ಗಿದೆ, ಅಪ್ಪಿಕೊಂಡೇ ಬಿಟ್ಟರು. ಗಡಿಯಾರ ಓಡುತ್ತಿತ್ತು. ಅಕ್ಕಾರು ನನ್ನ ಬಲಗೈಯ ಬೂಟು ಕಿತ್ತುಕೊಂಡು ಹಾಸಿನ ಮೇಲೆ ರಪ್ಪೆಂದು ಬಡಿದರು. ಬೀಪ್. ಹನ್ನೊಂದು ಸೆಕೆಂಡು ಉಳಿದಿತ್ತು.

ಸಂಘಟಕರು ಅಷ್ಟರಲ್ಲಿ ಮನೆಗೆ ಫೋನು ಮಾಡಿ ನಾನು ಕಾಣೆ ಎಂದು ಹೇಳಿಬಿಟ್ಟಿದ್ದರು. ನಾನು ಫೋನು ಮಾಡಿದಾಗ ಎತ್ತಿದ್ದು ಮಗಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಕನ್ನಡ ಬಂತು: "ಅಪ್ಪಾ, ಎಲ್ಲಿದ್ದಿ ನೀನು?" ಅಳುತ್ತಿದ್ದಳು. ನಾನೂ ಅತ್ತೆ. ಮುಗಿಸಿದೆ ಪುಟ್ಟಿ, ಪೂರ್ತಿ ಮುಗಿಸಿದೆ ಎಂದು ನಡೆದದ್ದೆಲ್ಲ ಹೇಳಿದೆ.

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಕೇಳಿತು. ಆಮೇಲೆ ಮತ್ತೆ ಇಂಗ್ಲಿಷಿಗೆ ಹೋದಳು: ಅಂದರೆ ಡ್ಯಾಡ್, ನೀವು ದಾಟಿದಾಗ ಬೂಟು ದಾಟಿರಲಿಲ್ಲ. ಬೂಟು ದಾಟಿದಾಗ ನೀವು ಯಾರನ್ನೋ ಅಪ್ಪಿಕೊಂಡು ನಿಂತಿದ್ದಿರಿ. ಹಾಗಾದರೆ ಮೆಡಲ್ ಯಾರದು?

ಮನೆಗೆ ಬಂದ ದಿನ ತೀರ್ಪನ್ನು ಅವಳೇ ಕೊಟ್ಟಳು. ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿದೆ, ಅದು ಗೋಡೆಯ ಮೇಲಿದೆ. ಮೆಡಲ್ ಬಾಗಿಲ ಹತ್ತಿರದ ಚಪ್ಪಲಿ ಸ್ಟ್ಯಾಂಡಿನಲ್ಲಿದೆ, ಬಲಗಾಲಿನ ಬೂಟಿಗೆ ಹಾಕಿದ್ದಾಳೆ. ಎಡಗಾಲಿನದು ಮುಗಿಸಲಿಲ್ಲವಂತೆ.