ಬಲಗಡೆ ಹೂವಿನ ತರ್ಕ

ಎತ್ತಪ್ಪ ಪೂಜಾರಿಯ ಮೊಣಕಾಲು ಹಿಡಿದುಕೊಂಡಿತು. ಅಷ್ಟಕ್ಕೇ ಜುಂಜೇಶ ಮೇಷ್ಟ್ರ ತರ್ಕಶಾಸ್ತ್ರ ಕುಂಟತೊಡಗಿತು. ಯಾರದೋ ಮೊಣಕಾಲು ನೋವಿಗೆ ಇನ್ಯಾರದೋ ತರ್ಕ ಕುಂಟುವುದು ಹೇಗೆಂದು ಜುಂಜೇಶನನ್ನು ಮಾತ್ರ ಕೇಳಬೇಡಿ. ಕಾರ್ಯಕಾರಣ ಸಂಬಂಧದ ಪಾಠ ಮಾಡುವವನು ಅವನೇ ಆದ್ದರಿಂದ ಅವನಿಗೆ ಸಿಟ್ಟು ಬರುತ್ತದೆ.

ಜುಂಜೇಶ ಹಿರಿಯೂರಿನ ಒಂದು ಖಾಸಗಿ ಕಾಲೇಜಿನಲ್ಲಿ ತರ್ಕಶಾಸ್ತ್ರದ ಅರೆಕಾಲಿಕ ಮೇಷ್ಟ್ರು. ಸಂಬಳ ಅರೆ, ಮಾತು ಪೂರ್ತಿ. "ಪುರಾವೆ ಎಲ್ಲಿ?" ಎನ್ನದೆ ಅವನು ಹಾಲಿನವಳಿಂದ ಹಾಲನ್ನೂ ಹಾಕಿಸಿಕೊಳ್ಳುತ್ತಿರಲಿಲ್ಲ. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಚಿತ್ರದುರ್ಗದಲ್ಲಿ 'ವಿಜ್ಞಾನ ಮತ್ತು ಧರ್ಮ' ಎಂಬ ವಿಚಾರಸಂಕಿರಣ ನಡೆಯಿತು. ಅಲ್ಲಿ ಅವನು ತನ್ನೂರು ಹರಿಯಬ್ಬೆಯ ದೇವರನ್ನೇ ವೇದಿಕೆಗೆ ಎಳೆದು ತಂದ.

ಅಲ್ಲಿನ ಕಂಬಳಿ ಈರಪ್ಪ ಹೂ ಕೊಡುವ ದೇವರು. ಬೆಳ್ಳಿಯ ಮುಖವಾಡದ ಎರಡು ಕೆನ್ನೆಗೂ ಒದ್ದೆ ಹೂ ಮೆತ್ತಿ ಪ್ರಶ್ನೆ ಕೇಳುತ್ತಾರೆ. "ಬಲಕ್ಕೆ ಬಿದ್ದರೆ ದೇವರು ಒಪ್ಪಿದ. ಎಡಕ್ಕೆ ಬಿದ್ದರೆ ಒಪ್ಪಲಿಲ್ಲ. ಬೀಳದಿದ್ದರೆ ಮುನಿದ. ಏನೇ ಆದರೂ ಸೋಲದ ದೇವರು ಇವನು!" ಎಂದು ಜುಂಜೇಶ ಮೇಜು ಕುಟ್ಟಿದ. "ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಮಾತಿಗೆ ವಿಜ್ಞಾನದಲ್ಲಿ ಮೂರು ಕಾಸಿನ ಬೆಲೆಯಿಲ್ಲ." ಹೊರದೇಶದ ಘನ ವಿದ್ವಾಂಸರು ಒಂದು ಆಯುಷ್ಯವೆಲ್ಲ ಕಿತ್ತಾಡಿಯೂ ಬಗೆಹರಿಸದ ವಿಷಯವನ್ನು ಅವನು ಊಟದ ಗಂಟೆಯೊಳಗೆ ಮುಗಿಸಿ ಹೋಳಿಗೆಗೆ ಕೂತ. ಸಭಿಕರಲ್ಲಿ ಅವನ ಕಾಲೇಜಿನ ಅಧ್ಯಕ್ಷರೂ ಇದ್ದರು. ಅವರಿಗೆ ಭಾಷಣ ಅರ್ಥವಾಗದಿದ್ದರೂ ಚಪ್ಪಾಳೆ ಅರ್ಥವಾಯಿತು. "ಬರೋ ಸೋಮವಾರ ಸಂದರ್ಶನಕ್ಕೆ ಬಂದ್ಬಿಡ್ರಿ ಮೇಷ್ಟ್ರೇ, ಖಾಯಂ ಮಾಡಾಣ" ಎಂದರು.

ಆ ಒಂದು ಮಾತಿಗಾಗಿ ಜುಂಜೇಶ ಒಂಬತ್ತು ವರ್ಷ ಕಾದಿದ್ದ. ಅಷ್ಟರಲ್ಲೇ ಮೊಣಕಾಲಿನ ಸುದ್ದಿ ಬಂತು.

ಕಂಬಳಿ ಈರಪ್ಪನ ಪೂಜಾರಿ ಎತ್ತಪ್ಪ ಜುಂಜೇಶನ ಸ್ವಂತ ದೊಡ್ಡಪ್ಪ. ಅವನಿಗೆ ಬರೀ ಹೆಣ್ಣುಮಕ್ಕಳು. ಇನ್ನು ಗುಡಿಯ ಮೆಟ್ಟಿಲು ಹತ್ತಲಾರೆ ಎಂದು ಅವನು ಕೂತುಬಿಟ್ಟದ್ದರಿಂದ, ಭಾನುವಾರ ಹೊಸ ಪೂಜಾರಿಯನ್ನು ದೇವರೇ ಆರಿಸಬೇಕಾಗಿತ್ತು. ಆ ಮನೆತನದ ಗಂಡಸರ ಹೆಸರನ್ನೆಲ್ಲ ಒಬ್ಬೊಬ್ಬರಂತೆ ಕೂಗಿ ಹೂ ಕೇಳಬೇಕು. ಬಾರದವನ ಟವೆಲ್ ಇಟ್ಟಾದರೂ ಕೇಳುತ್ತಾರೆ. ಹೂ ಬಿದ್ದವನಿಗೆ ಅಂದಿನಿಂದ ಚಪ್ಪಲಿಯಿಲ್ಲ, ಪ್ಯಾಂಟಿಲ್ಲ, ಕ್ಷೌರವಿಲ್ಲ, ಹೋಟೆಲ್ ಊಟವಿಲ್ಲ. ಊರ ಗಡಿ ದಾಟಿ ರಾತ್ರಿ ಉಳಿಯುವಂತಿಲ್ಲ. ದೇವರ ವಾರದಂದು ಗಡಿಯನ್ನೇ ದಾಟುವಂತಿಲ್ಲ.

ಭಾನುವಾರ ಬೆಳಿಗ್ಗೆ ಜುಂಜೇಶ ಹಿರಿಯೂರಿನ ಬಾಡಿಗೆ ಮನೆಯಲ್ಲಿ ಗೂಟಕ್ಕೆ ಕಟ್ಟಿದ ಟಗರಿನಂತೆ ಸುತ್ತುತ್ತಿದ್ದ.

"ನಂಬಲ್ಲ ಅಂದ್ಮೇಲೆ ಹೆದರಿಕೆ ಯಾಕ್ರಿ?" ಎಂದಳು ಹೆಂಡತಿ ಯಶೋದಾ, ಚಹಾದ ಲೋಟ ಮುಂದಿಟ್ಟು.

"ಹೆದರಿಕೆ ಅಲ್ಲ ಕಣೆ, ಸಂಭವನೀಯತೆ! ಹೂವಿಗೆ ಇರೋದು ಎರಡು ಕಡೆ. ಬಲಕ್ಕೆ ಬೀಳೋಕೆ ಅರ್ಧಕ್ಕರ್ಧ ಅವಕಾಶ ಐತೆ."

"ಅಂದ್ರೆ ಅರ್ಧ ದೇವ್ರು ಅವ್ನೆ ಅನ್ನಿ."

"ದೇವ್ರಲ್ಲ, ಗುರುತ್ವಾಕರ್ಷಣೆ!"

"ಅದ್ಕೇ ಒಂದ್ ಕಾಯಿ ಒಡೀರಿ. ನಲ್ಲಿ ನೀರಿನ ಮನೆ ಬಿಟ್ಟು ನಿಮ್ಮೂರ ಬೋರ್‌ವೆಲ್ ಸಾಲಿಗೆ ನಾನಂತೂ ಬಿಂದಿಗೆ ಹಿಡ್ಕಂಡು ನಿಲ್ಲಾಕಿಲ್ಲ."

ಆ ಹೊತ್ತಿಗೆ ಕರೆಯದೆ ಬಂದವನು ಭೌತಶಾಸ್ತ್ರದ ಮಾರುತೇಶ್, ಅದೇ ಕಾಲೇಜಿನ ಮೇಷ್ಟ್ರು. ಬೇರೆಯವರ ಮನೆಯ ಫಜೀತಿ ಎಂದರೆ ಚಾಪೆ ಹಾಸಿ ಕೂರುವ ಪೈಕಿ. ವಿಷಯವೆಲ್ಲ ಕೇಳಿ ಅವನ ಮುಖ ಅರಳಿತು.

"ತರ್ಕ ಸಾಕು ಕಣಯ್ಯ, ಪ್ರಯೋಗ ಮಾಡು. ಬಲಗಡೆ ಹೂವಿನ ಹಿಡಿತ ಜಾಸ್ತಿ ಮಾಡ್ಬಿಡು. ಬೀಳಲ್ಲ. ನಿನ್ನ ಹೆಸ್ರಿಗೂ ಬೀಳಲ್ಲ, ಯಾರ ಹೆಸ್ರಿಗೂ ಬೀಳಲ್ಲ. ದೇವ್ರು ಮುನಿದವ್ನೆ ಅಂತ ಮುಂದಿನ ವರ್ಷಕ್ಕೆ ಹಾಕ್ತಾರೆ. ಅಷ್ಟ್ರಾಗೆ ನೀನು ಖಾಯಂ. ಮೇಲಾಗಿ ಇದು ದೇವ್ರ ಕೈವಾಡ ಅಲ್ಲ, ವಸ್ತುವಿನ ಗುಣ ಅಂತ ಸಾಬೀತೂ ಆಗ್ತೈತೆ."

"ಹಿಡಿತ ಹೆಂಗೆ ಜಾಸ್ತಿ ಮಾಡೋದು?"

ಮಾರುತೇಶ್ ಜೇಬಿನಿಂದ ಕಾಲೇಜು ಆಫೀಸಿನ ಗೋಂದಿನ ಬಾಟಲಿ ತೆಗೆದ. ಆಫೀಸಿನ ಸಾಮಾನು ಮನೆಗೆ ಒಯ್ಯುವ ಅವನ ಅಭ್ಯಾಸ ಅಂದು ವಿಜ್ಞಾನಕ್ಕೆ ಉಪಯೋಗವಾಯಿತು. "ನಡಿ ಹೋಗಾಣ. ನಾನು ಸಾಕ್ಷಿಗಿರ್ತೀನಿ" ಎಂದು ಸ್ಕೂಟರ್ ಒದ್ದ.

ಹರಿಯಬ್ಬೆಯ ಗುಡಿಯಲ್ಲಿ ಕಾಲ ಕೂಡಿಬಂದಿತ್ತು. ಎತ್ತಪ್ಪ ಹೂ ಮೆತ್ತಿ, ಮಡಿ ಸ್ನಾನಕ್ಕೆಂದು ಹೋಗಿದ್ದ. ಜನ ಇನ್ನೂ ಸೇರಿರಲಿಲ್ಲ. ಮಾರುತೇಶನನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ ಜುಂಜೇಶ ಗರ್ಭಗುಡಿಗೆ ನುಗ್ಗಿದ. ಒಳಗೆ ಎಣ್ಣೆಜಿಡ್ಡು, ಕತ್ತಲೆ. ಜೇನುಮೇಣದಿಂದ ಕಲ್ಲಿಗೆ ಕೂರಿಸಿದ್ದ ಬೆಳ್ಳಿಯ ಮುಖವಾಡ ಅವನನ್ನೇ ದುರುಗುಟ್ಟುತ್ತಿತ್ತು. 'ನೀನು ಇಲ್ಲ' ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳಿ, ಎಡಗೈಯಲ್ಲಿ ಮುಖವಾಡವನ್ನು ತಬ್ಬಿ ಹಿಡಿದು, ಬಲಗೆನ್ನೆಯ ಹೂವನ್ನು ಬಿಡಿಸಿ, ಗೋಂದು ಸುರಿದು ಮತ್ತೆ ಒತ್ತಿದ. ಮುಖವಾಡ ಕೊಂಚ ಜರುಗಿದಂತಾಯಿತು.

"ಅಯ್ಯೋ ನಮ್ಮಪ್ಪ!" ಎಂದು ಹಿಂದಿನಿಂದ ಕೂಗು ಬಂತು.

ಬಾಟಲಿ ಜುಂಜೇಶನ ಹೆಗಲ ಟವೆಲಿನೊಳಗೆ ಹೋಯಿತು. ತಿರುಗಿದರೆ ಗುಡಿಯ ಪಕ್ಕದ ಮನೆಯ ಗಂಗಕ್ಕ, ಎಣ್ಣೆಬಟ್ಟಲು ಹಿಡಿದು ನಿಂತಿದ್ದಾಳೆ. ಕಾವಲಿನ ಮಾರುತೇಶ್ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ.

"ಮೇಷ್ಟ್ರು ದೇವ್ರನ್ನ ತಬ್ಕಂಡು ಅಳ್ತಾವ್ನಲ್ಲೋ!" ಎಂದು ಗಂಗಕ್ಕ ಬೀದಿಗೆ ಓಡಿದಳು. ಅವಳ ಬಾಯಿಗೆ ಬಿದ್ದ ಸುದ್ದಿ ಊರ ಕೊನೆ ಮುಟ್ಟುವಷ್ಟರಲ್ಲಿ ಮೇಷ್ಟ್ರು ಮೂರು ದಿನ ಉಪವಾಸವಿದ್ದು, ಪೂಜಾರಿಕೆ ಕೊಡದಿದ್ದರೆ ತಲೆ ಚಚ್ಚಿಕೊಳ್ಳುತ್ತೇನೆಂದು ಹಟ ಹಿಡಿದಿದ್ದರು.

ಮೊದಲು ಓಡಿ ಬಂದವನು ಚಿಕ್ಕಪ್ಪನ ಮಗ ರಂಗಪ್ಪ. ಪೂಜಾರಿಕೆ ತನಗೇ ಎಂದು ಮೊದಲೇ ಕೂದಲು ಬಿಟ್ಟು ಗಂಟು ಹಾಕಿಕೊಂಡಿದ್ದ ಭಕ್ತ ಅವನು.

"ಏನಣ್ಣ ಇದು? ನಾನು ಮೂರು ವರ್ಷದಿಂದ ಹೇನು ಸಾಕ್ಕಂಡು ಕುಂತೀನಿ. ನೀನು ಇವತ್ತು ಬಂದು ದೇವ್ರತ್ರ ವಶೀಲಿ ಮಾಡ್ತೀಯಾ?"

"ನಂಗೆ ಬ್ಯಾಡ ಕಣಪ್ಪ! ನೀನೇ ಆಗು!"

"ಬ್ಯಾಡ ಅನ್ನೋನು ತಬ್ಕಂತಾನಾ?"

ಅಷ್ಟರಲ್ಲಿ ಎತ್ತಪ್ಪ ಒದ್ದೆ ಪಂಚೆಯಲ್ಲಿ ಕುಂಟುತ್ತ ಬಂದ. ಒಳಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ. "ಯಾಕೋ ದೇವ್ರು ಜರುಗವ್ನೆ" ಎಂದು ಗೊಣಗಿ, ಜನರಿಗೆ ಬೆನ್ನು ಹಾಕಿ ಮುಖವಾಡವನ್ನು ಎರಡೂ ಕೈಯಿಂದ ಸರಿಪಡಿಸುತ್ತ ನಿಂತ. ಆಮೇಲೆ ಬೆರಳಿಗಂಟಿದ ಮೇಣವನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಬಂದು, ಜುಂಜೇಶನಿಗೆ "ಮೈಯಾಗೆ ಹುಷಾರೈತೇನಪ್ಪ?" ಎಂದಷ್ಟೇ ಕೇಳಿದ.

ಬಿಸಿಲೇರುವ ಹೊತ್ತಿಗೆ ಗುಡಿಯ ಮುಂದೆ ಊರೇ ನೆರೆಯಿತು. ಉರುಮೆ ಬಾರಿಸಿದರು. ಊರ ಯಜಮಾನ ದೊಡ್ಡತಿಮ್ಮಪ್ಪ ಕಂಬಳಿ ಹೊದ್ದು ಹೊಸ್ತಿಲ ಬಳಿ ನಿಂತ.

"ಈರಪ್ಪಾ! ರಂಗಪ್ಪ ನಿನ್ನ ಪೂಜಾರಿ ಆಗೋದಾದ್ರೆ ಬಲಗಡೆ ಕೊಡು!"

ಎಡಗಡೆಯ ಹೂ ಪಟಕ್ಕನೆ ಬಿತ್ತು. ರಂಗಪ್ಪ ಕೂದಲಿನ ಗಂಟು ಹಿಡಿದುಕೊಂಡು ಅಲ್ಲೇ ಕುಸಿದ. ಎತ್ತಪ್ಪ ಎಡಕ್ಕೆ ಇನ್ನೊಂದು ಹೂ ಮೆತ್ತಿದ. ಮುಂದಿನದು ಲಾರಿ ಓಡಿಸುತ್ತ ಆಂಧ್ರಕ್ಕೆ ಹೋಗಿದ್ದ ಇನ್ನೊಬ್ಬ ದಾಯಾದಿ ತಮ್ಮನ ಟವೆಲ್. ಅದಕ್ಕೂ ಎಡವೇ ಬಿತ್ತು, ಎತ್ತಪ್ಪ ಮತ್ತೊಂದು ಮೆತ್ತಿದ. ಬಲಗಡೆ ಹೂ ಸರ್ಕಾರಿ ಫೈಲಿನಂತೆ ಅಲುಗದೆ ಕೂತಿತ್ತು. ಜುಂಜೇಶ ಗುಂಪಿನಲ್ಲಿದ್ದ ಮಾರುತೇಶನಿಗೆ ಕಣ್ಣು ಹೊಡೆದ.

"ಇನ್ನು ಜುಂಜೇಶ. ಮೇಷ್ಟ್ರೇ, ಒಳಗ್ ಬಂದು ಕುಂತ್ಕಳ್ರಿ."

ದೇವರ ಕಾಲಬುಡದಲ್ಲಿ ಕೂತ ಜುಂಜೇಶ ಒಳಗೊಳಗೇ ನಗುತ್ತಿದ್ದ. ಪ್ರಶ್ನೆ ಕೇಳಿದರು. ಬಲ ಬೀಳಲಿಲ್ಲ. ಎಡವೂ ಬೀಳಲಿಲ್ಲ. ಉರುಮೆಯವನು ಮೈಮರೆತು ಬಾರಿಸಿದ. ಗುಡಿಯೆಲ್ಲ ಗಡಗಡ ನಡುಗಿತು.

"ಮುನಿದವ್ನೆ" ಎಂದರು ಯಾರೋ.

"ಹೌದ್ರಿ, ಮುನಿದವ್ನೆ, ಮುಂದಿನ ವರ್ಷ ನೋಡಾಣ!" ಎಂದು ಜುಂಜೇಶ ಏಳಹೊರಟ. ಜೀವನದಲ್ಲಿ ಮೊದಲ ಸಲ ಪುರಾವೆ ಕೇಳದೆ ಒಪ್ಪಿಕೊಂಡಿದ್ದ.

ಆಗ ಕಂಬಳಿ ಈರಪ್ಪನ ಮುಖವೇ ಅಲುಗಿತು. ಬೆಳ್ಳಿಯ ಮುಖವಾಡ ನಿಧಾನವಾಗಿ ಬಲಕ್ಕೆ ವಾಲಿ, ಜಾರಿ, ಗೋಂದು ಹಚ್ಚಿದ ಹೂವಿನ ಸಮೇತ ಕೆಳಗೆ ಬಂತು. ಮೇಲಿನಿಂದ ಏನಾದರೂ ಬಿದ್ದರೆ ಹಿಡಿಯದೆ ಬಿಡಲು ಮನುಷ್ಯನ ಕೈಗೆ ತತ್ವಶಾಸ್ತ್ರ ಗೊತ್ತಿರುವುದಿಲ್ಲ. ಜುಂಜೇಶ ಎರಡೂ ಕೈಯಿಂದ ಬಾಚಿ ಎದೆಗವಚಿಕೊಂಡ.

ಗುಡಿಯ ಹೆಂಚು ಹಾರಿಹೋಗುವ ಹಾಗೆ ಜನ ಕೂಗಿದರು. "ಹೂ ಕೇಳಿದ್ರೆ ಮುಖಾನೇ ಕೊಟ್ಟನಲ್ಲೋ ನಮ್ಮಪ್ಪ!" ಎಂದು ಗಂಗಕ್ಕ ನೆಲಕ್ಕೆ ಬಿದ್ದು ಹೊರಳಿದಳು.

ಜುಂಜೇಶನ ಕಣ್ಣೆದುರು ಸೋಮವಾರ ಬಂದು ನಿಂತಿತು. ಮಾನ ಹೋದರೆ ಹೋಗಲಿ, ಕೆಲಸ ಉಳಿಯಲಿ ಎಂದು ಅವನು ಕಿರುಚಿದ: "ನಿಲ್ಲಿಸ್ರಿ! ಇದು ದೇವ್ರಲ್ಲ! ಈ ಹೂವಿಗೆ ನಾನೇ ಗೋಂದು ಹಚ್ಚೀನಿ!" ಪುರಾವೆಯಾಗಿ ಟವೆಲಿನಿಂದ ಬಾಟಲಿಯನ್ನೂ ತೆಗೆದು ತೋರಿಸಿದ.

ಕೆಲವರ ಕೈ ದೊಣ್ಣೆಯ ಕಡೆ ಹೋಯಿತು. ದೊಡ್ಡತಿಮ್ಮಪ್ಪ ಕೈಯೆತ್ತಿ ತಡೆದ. ಓದಿದವನಲ್ಲ, ಆದರೆ ಕುರಿ ವ್ಯಾಪಾರದಲ್ಲಿ ಪಳಗಿದವನು.

"ಯಾಕಪ್ಪ ಹಚ್ಚಿದೆ?"

"ಬೀಳಬಾರದು ಅಂತ."

"ಬಿತ್ತೋ ಇಲ್ವೋ?"

"ಬಿತ್ತು, ಆದ್ರೆ ಅದು..."

"ಕೇಳಿದ್ರೇನ್ರಪ್ಪೋ! ಬೀಳಬಾರ್ದು ಅಂತ ಗೋಂದು ಹಚ್ಚಿದ್ರೂ ಬಿತ್ತು! ಹೂ ಬಿಡಿಸ್ಕಳಾಕಾಗ್ದೆ ತಾನೇ ಇಳಿದು ಬಂದವ್ನೆ. ನಂಬೋರಿಗೆ ಕೊಟ್ರೆ ಅದೇನ್ ದೊಡ್ಡದು? ಬ್ಯಾಡ ಅಂತ ಗೋಂದು ಹಚ್ಚೋನಿಗೆ ಕೊಟ್ನಲ್ಲ, ಅದು ದೇವ್ರು!"

ಜುಂಜೇಶ ಬೆವರುತ್ತ ಮಾರುತೇಶನ ಕಡೆ ತಿರುಗಿದ. "ನೀನಾದ್ರೂ ಹೇಳಯ್ಯ! ವಿಜ್ಞಾನ ಏನನ್ನುತ್ತೆ?"

ಮಾರುತೇಶ್ ದೊಣ್ಣೆಗಳನ್ನು ನೋಡಿದ. ಬಾಟಲಿ ಯಾವ ಕಾಲೇಜಿನದೆಂದು ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳುತ್ತ ಗಂಟಲು ಸರಿಮಾಡಿಕೊಂಡ. "ನೋಡಪ್ಪ, ಪ್ರಯೋಗ ನಿಂದೇ. ಬೀಳಲ್ಲ ಅಂತ ಊಹೆ ಮಾಡ್ದೋನೂ ನೀನೇ. ಊಹೆ ಸುಳ್ಳಾಯ್ತು. ಸುಳ್ಳು ಅಂತ ತೋರ್ಸೋಕೆ ದಾರಿ ಇರ್ಬೇಕು ಅಂತ ದುರ್ಗದಾಗೆ ಮೇಜು ಕುಟ್ಟಿದ್ದೆ. ದಾರಿ ಸಿಕ್ತಲ್ಲ, ಫಲಿತಾಂಶ ಒಪ್ಕೋ." ಇಷ್ಟು ಹೇಳಿ ಹೊಸ ಪೂಜಾರಿಯ ಕಾಲಿಗೆ ಮೊದಲು ಅಡ್ಡಬಿದ್ದವನೂ ಅವನೇ.

ಮುಂದಿನದೆಲ್ಲ ಚಕಚಕನೆ ಆಯಿತು. ಯಾರೋ ಅವನ ಚಪ್ಪಲಿಯನ್ನು ಬೇಲಿಯಾಚೆ ಎಸೆದರು. ಇನ್ಯಾರೋ ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿ, ಒಳಗಿನಿಂದ ಪ್ಯಾಂಟನ್ನು ಎಳೆದುಕೊಂಡರು. ಸುದ್ದಿ ತಿಳಿದು ಬಸ್ಸಿನಲ್ಲಿ ಓಡಿಬಂದ ಯಶೋದಾ ಕಣ್ಣೊರೆಸಿಕೊಳ್ಳುತ್ತ, "ನಾಳೆ ಒಂದಿನ ಬಿಡ್ರಿ ಯಜಮಾನ್ರೇ, ಸಂದರ್ಶನ ಐತೆ" ಎಂದು ಬೇಡಿದಳು.

"ನಾಳೆ ಸೋಮವಾರ ಅಲ್ವೇನಮ್ಮ? ಈರಪ್ಪನ ವಾರ. ಗಡಿ ದಾಟಂಗಿಲ್ಲ" ಎಂದ ದೊಡ್ಡತಿಮ್ಮಪ್ಪ.

ಸಂಜೆ ಜನ ಕರಗಿದ ಮೇಲೆ ಜುಂಜೇಶ ಬರಿಗಾಲಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು, ಅಳುವುದೋ ವಾದಿಸುವುದೋ ತಿಳಿಯದೆ ಗೋಡೆ ನೋಡುತ್ತಿದ್ದ. ಎತ್ತಪ್ಪ ಗಂಟೆ, ಆರತಿತಟ್ಟೆ ತಂದು ಅವನ ಮಡಿಲಲ್ಲಿಟ್ಟ. ಒಂಬತ್ತು ಮೆಟ್ಟಿಲನ್ನೂ ಕುಂಟದೆ ಇಳಿದು, ಕೆಳಗೆ ನಿಂತು ತಿರುಗಿ ನೋಡಿದ.

"ಹೂ ಬೀಳದಂಗೆ ಮಾಡೋದು ನಿಂಗೆ ಆಗ್ಲೇ ಬರ್ತೈತೆ ಕಣಪ್ಪ ಜುಂಜ" ಎಂದ ಮೆಲ್ಲಗೆ. "ಬೀಳಂಗೆ ಮಾಡೋದು ನಾಳೆ ಹೇಳ್ಕೊಡ್ತೀನಿ."